ಮೂಳೆಯ ಹಡಗು, ಹುಲ್ಲಿನ ಪೆಟ್ಟಿಗೆ

ಪೂರ್ವ ಇಂಗ್ಲೆಂಡಿನ ಪೀಟರ್‌ಬರೋ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ಪುಟ್ಟ ಪುಟ್ಟ ಹಡಗುಗಳಿವೆ. ಹಾಯಿಗಂಬ, ನೂಲೇಣಿ, ಲಂಗರು, ಸಾಲು ಫಿರಂಗಿ, ಮೂತಿಯ ಮೇಲೊಂದು ಕೆತ್ತಿದ ಆಕೃತಿ, ಯಾವುದಕ್ಕೂ ಕೊರತೆಯಿಲ್ಲ. ದೂರದಿಂದ ನೋಡಿದವರು ದಂತದ ಕೆಲಸ ಎಂದುಕೊಳ್ಳಬೇಕು. ಅದು ದಂತವಲ್ಲ, ಮೂಳೆ. ಹಂಡೆಯಲ್ಲಿ ಬೇಯಿಸಿ, ಮಾಂಸ ತಿಂದು, ಸಾರು ಕುಡಿದಾದ ಮೇಲೆ ತಳದಲ್ಲಿ ಉಳಿದ ದನದ ಮೂಳೆ, ಕುರಿಯ ಮೂಳೆ. ಹಡಗಿನ ಹಗ್ಗಗಳ ಜಾಗದಲ್ಲಿ ಕೂದಲು ಅಥವಾ ರೇಷ್ಮೆಯ ಎಳೆ. ಅದೇ ಸಂಗ್ರಹದಲ್ಲಿ ಮೂಳೆಯ ಡಾಮಿನೋ ಬಿಲ್ಲೆಗಳು, ಹಿಡಿ ತಿರುಗಿಸಿದರೆ ನೂಲುವ ಹೆಂಗಸಿನ ಬೊಂಬೆ, ಗೋಧಿ ಹುಲ್ಲನ್ನು ಸೀಳಿ ಅಂಟಿಸಿ ಚಿತ್ರ ಬರೆದ ಚಹಾಪುಡಿ ಪೆಟ್ಟಿಗೆಗಳು. ಇಂಥ ವಸ್ತುಗಳು ಅಲ್ಲಿ ನೂರಾರಿವೆ. ಬಹುಪಾಲಿನ ಮೇಲೆ ಮಾಡಿದವರ ಹೆಸರಿಲ್ಲ.

ಇವನ್ನು ಮಾಡಿದವರು ಯುದ್ಧಕೈದಿಗಳು. ಪೀಟರ್‌ಬರೋಗೆ ಹತ್ತಿರದಲ್ಲೇ, ಯಾಕ್ಸ್‌ಲಿ ಮತ್ತು ಸ್ಟಿಲ್ಟನ್ ಹಳ್ಳಿಗಳ ನಡುವೆ, ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ನಾರ್ಮನ್ ಕ್ರಾಸ್ ಎಂಬ ಜಾಗವಿದೆ. ಫ್ರಾನ್ಸಿನ ಜೊತೆ ಯುದ್ಧ ನಡೆಸುತ್ತಿದ್ದ ಬ್ರಿಟನ್ 1796ರ ಕೊನೆಯಲ್ಲಿ ಅಲ್ಲೊಂದು ಶಿಬಿರ ಕಟ್ಟಲು ಹೊರಟಿತು. ಅಲ್ಲಿಯವರೆಗೆ ಸೆರೆಸಿಕ್ಕವರನ್ನು ಹಳೆಯ ಕೋಟೆಗಳಲ್ಲಿ, ಮಾಮೂಲಿ ಜೈಲುಗಳಲ್ಲಿ, ಸಮುದ್ರಯಾನಕ್ಕೆ ಬಾರದ ಮುದಿ ಹಡಗುಗಳಲ್ಲಿ ತುಂಬುತ್ತಿದ್ದರು. ಅವೆಲ್ಲ ತುಂಬಿಹೋದವು. ನೂರಾರು ಬಡಗಿಗಳು ಚಳಿಗಾಲದಲ್ಲೇ ದುಡಿದು ಕೆಲವೇ ತಿಂಗಳಲ್ಲಿ ಮರದ ಒಂದು ಪಟ್ಟಣವನ್ನು ಎಬ್ಬಿಸಿದರು. ಯುದ್ಧಕೈದಿಗಳಿಗೆಂದೇ ಕಟ್ಟಿದ ಜಗತ್ತಿನ ಮೊದಲ ಶಿಬಿರ ಎಂದು ಸಾಮಾನ್ಯವಾಗಿ ಗುರುತಿಸುವುದು ಇದನ್ನೇ. 1797ರ ಏಪ್ರಿಲಿನಲ್ಲಿ ಮೊದಲ ಕೈದಿಗಳು ಬಂದರು.

ನಾಲ್ಕು ಅಂಗಳಗಳು, ಪ್ರತಿ ಅಂಗಳದಲ್ಲೂ ಎರಡಂತಸ್ತಿನ ನಾಲ್ಕು ಮರದ ಮನೆಗಳು, ಮಲಗಲು ಸಾಲುಸಾಲು ತೂಗುಹಾಸಿಗೆ. ನಡುವೆ ಎಂಟು ಮೂಲೆಯ ಕಾವಲುಮನೆ, ಅದರ ಫಿರಂಗಿಗಳು ಅಂಗಳಗಳ ಕಡೆಗೇ ಮುಖಮಾಡಿದ್ದವು. ಒಂದೇ ಹೊತ್ತಿಗೆ ಐದಾರು ಸಾವಿರ ಗಂಡಸರು ಅಲ್ಲಿರುತ್ತಿದ್ದರು. ಫ್ರೆಂಚರೇ ಹೆಚ್ಚು, ಕ್ಯಾಂಪರ್‌ಡೌನ್ ನೌಕಾಯುದ್ಧದ ನಂತರ ಡಚ್ಚರೂ ಬಂದರು. ಅಧಿಕಾರಿಗಳಾಗಿದ್ದವರು ಓಡಿಹೋಗುವುದಿಲ್ಲವೆಂದು ಮಾತು ಕೊಟ್ಟು ಊರುಗಳಲ್ಲಿ ಬಾಡಿಗೆಗಿರಬಹುದಿತ್ತು. ಬೇಲಿಯೊಳಗೆ ಉಳಿದವರು ಬಹುಮಟ್ಟಿಗೆ ಸಾಮಾನ್ಯ ನಾವಿಕರು, ಸಿಪಾಯಿಗಳು, ಖಾಸಗಿ ದಾಳಿಹಡಗುಗಳ ಆಳುಗಳು. ಸೇನೆಗೆ ಬರುವ ಮುಂಚೆ ಅವರು ಬಡಗಿಗಳೋ ನೇಕಾರರೋ ಕಮ್ಮಾರರೋ ಆಗಿದ್ದವರು. ದಂತಕೆತ್ತನೆಗೆ ಹೆಸರಾದ ದಿಯೆಪ್ ಬಂದರಿನ ಕಡೆಯವರೂ ಅವರಲ್ಲಿದ್ದರು ಎನ್ನುತ್ತಾರೆ.

ಕಾಲದ ಅಂದಾಜು ಸಿಗಲು ನಮ್ಮ ನೆಲದ ಒಂದು ತಾರೀಖು ನೆನೆಯಬಹುದು. ಈ ಶಿಬಿರಕ್ಕೆ ಎರಡು ವರ್ಷ ತುಂಬಿದ್ದಾಗ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ. ಫ್ರೆಂಚರ ಜೊತೆ ಟಿಪ್ಪು ನಡೆಸಿದ್ದ ಮಾತುಕತೆಯನ್ನೇ ಕಂಪನಿ ಸರಕಾರ ಆ ಯುದ್ಧಕ್ಕೆ ಕಾರಣವಾಗಿ ಮುಂದಿಟ್ಟಿತ್ತು. ಕಾವೇರಿಯ ದಂಡೆಯಲ್ಲಿ ಕೋಟೆ ಒಡೆದ ಯುದ್ಧವೂ ನಾರ್ಮನ್ ಕ್ರಾಸಿನಲ್ಲಿ ಮೂಳೆ ಕೆರೆಯುತ್ತ ಕುಳಿತವರ ಯುದ್ಧವೂ ಒಂದೇ ದೊಡ್ಡ ಜಗಳದ ಎರಡು ತುದಿಗಳು.

ಆ ಕಾಲದಲ್ಲಿ ಯುದ್ಧಕೈದಿ ಎಂದರೆ ಅದಲುಬದಲಿಗೆ ಕಾದು ಕುಳಿತವನು ಎಂದೇ ಅರ್ಥ. ನಿಮ್ಮ ಕ್ಯಾಪ್ಟನ್ನಿಗೆ ನಮ್ಮ ಕ್ಯಾಪ್ಟನ್, ನಿಮ್ಮ ನಾವಿಕನಿಗೆ ನಮ್ಮ ನಾವಿಕ. ಸರಿಸಮ ದರ್ಜೆಯವರು ಸಿಗದಿದ್ದರೆ ಲೆಕ್ಕ ಹೊಂದಿಸಲು ದರಪಟ್ಟಿಯೇ ಇರುತ್ತಿತ್ತು. 1813ರಲ್ಲಿ ಬ್ರಿಟನ್ ಮತ್ತು ಅಮೆರಿಕ ಮಾಡಿಕೊಂಡ ಒಪ್ಪಂದದ ಪ್ರಕಾರ ಒಬ್ಬ ಅಡ್ಮಿರಲನ ಬೆಲೆ 60 ಜನ ಸಾಮಾನ್ಯರು. ಮನುಷ್ಯರನ್ನು ಹೀಗೆ ತಕ್ಕಡಿಗೆ ಹಾಕುವುದು ಇಂದಿನ ಕಿವಿಗೆ ಕಟುವಾಗಿ ಕೇಳಬಹುದು. ಬೇಲಿಯೊಳಗಿದ್ದವನಿಗೆ ಅದೊಂದೇ ಬಾಗಿಲು. ತನಗೆ ಸಮನಾದ ಒಬ್ಬ ಆ ಕಡೆಯಲ್ಲೂ ಸೆರೆಯಲ್ಲಿದ್ದಾನೆ, ಇಂದಲ್ಲ ನಾಳೆ ತಾನು ಅವನ ಬದಲು ಮನೆ ಸೇರುತ್ತೇನೆ ಎಂಬ ಲೆಕ್ಕ ಅವನ ಧೈರ್ಯ.

ಆ ಬಾಗಿಲು ಮುಚ್ಚಿತು. 1802ರ ಅಮಿಯೆನ್ಸ್ ಒಪ್ಪಂದದಿಂದ ಶಾಂತಿ ಬಂದಾಗ ನಾರ್ಮನ್ ಕ್ರಾಸ್ ಖಾಲಿಯಾಗಿತ್ತು. ಮರುವರ್ಷವೇ ಯುದ್ಧ ಮತ್ತೆ ಹೊತ್ತಿಕೊಂಡಿತು. ಫ್ರಾನ್ಸಿನಲ್ಲಿ ಪ್ರವಾಸಕ್ಕೆಂದು ಬಂದಿದ್ದ ಬ್ರಿಟಿಷ್ ನಾಗರಿಕರನ್ನು ನೆಪೋಲಿಯನ್ ಹಿಡಿದಿಟ್ಟ. ಅವರನ್ನು ಯುದ್ಧಕೈದಿಗಳೆಂದು ಎಣಿಸಲು ಬ್ರಿಟನ್ ಒಪ್ಪಲಿಲ್ಲ. ಲೆಕ್ಕ ಹೊಂದಲಿಲ್ಲ. 1810ರಲ್ಲಿ ಫ್ರಾನ್ಸಿನ ಮೊರ್ಲೆ ಎಂಬಲ್ಲಿ ಎರಡೂ ಕಡೆಯವರು ಕೂತು ತಿಂಗಳುಗಟ್ಟಲೆ ಮಾತಾಡಿದರೂ ಸಂಧಾನ ಮುರಿದುಬಿತ್ತು. ಹೀಗಾಗಿ 1803ರ ನಂತರ ಸೆರೆಸಿಕ್ಕ ಸಾಮಾನ್ಯ ನಾವಿಕನಿಗೆ ಬಿಡುಗಡೆಯ ತಾರೀಖು ಎಂಬುದೇ ಇರಲಿಲ್ಲ. ಅಪರಾಧ ಮಾಡಿ ಜೈಲಿಗೆ ಹೋದವನು ಗೋಡೆಯ ಮೇಲೆ ಗೀಟು ಹಾಕುತ್ತ ದಿನ ಎಣಿಸಬಹುದು. ಯುದ್ಧಕೈದಿ ಎಲ್ಲಿಂದ ಎಣಿಸಬೇಕು? 17ರ ಹರೆಯದಲ್ಲಿ ಬಂದವನು 27 ದಾಟಿದರೂ ಅಲ್ಲೇ ಇದ್ದ. ಮನುಷ್ಯರ ವಿನಿಮಯ ನಿಂತುಹೋದ ಆ ಹನ್ನೊಂದು ವರ್ಷಗಳಲ್ಲಿ ಬೇಲಿಯ ಬಳಿ ನಡೆದ ವಸ್ತುಗಳ ವಿನಿಮಯ ದೊಡ್ಡದಾಗುತ್ತ ಹೋಯಿತು.

ಕೈದಿಗೆ ಊಟ ಸರಕಾರದ್ದು. ರೊಟ್ಟಿ, ವಾರದ ಹೆಚ್ಚಿನ ದಿನ ಅರ್ಧ ಪೌಂಡಿನಷ್ಟು ದನದ ಮಾಂಸ, ಒಂದಿಷ್ಟು ಸೊಪ್ಪು ಅಥವಾ ಕಾಳು. ಮಾಂಸ ಮೂಳೆಯ ಸಮೇತ ಬರುತ್ತಿತ್ತು. ಸಾವಿರಾರು ಜನಕ್ಕೆ ದಿನವೂ ಬೇಯುವ ಅಡುಗೆಮನೆಯಲ್ಲಿ ಮೂಳೆ ರಾಶಿ ಬೀಳದೆ ಇರುತ್ತದೆಯೇ? ಮೊದಲು ಅದಕ್ಕೆ ಕೈ ಹಾಕಿದವರು ಯಾರೋ. ಕೆಲಸದ ಕ್ರಮವಂತೂ ಮಾಡಿದ ವಸ್ತುಗಳಿಂದಲೇ ತಿಳಿಯುತ್ತದೆ. ಮೂಳೆಯ ಜಿಡ್ಡು ಬಿಡುವವರೆಗೆ ಕುದಿಸಬೇಕು, ಬೆಳ್ಳಗಾಗಿಸಬೇಕು, ಉದ್ದಕ್ಕೆ ಸೀಳಬೇಕು, ಉಜ್ಜಿ ನಯ ಮಾಡಬೇಕು. ಕಾಲಿನ ಮೂಳೆಯಿಂದ ಸಿಗುವ ಚಪ್ಪಟೆ ಪಟ್ಟಿ ಬೆರಳಗಲಕ್ಕಿಂತ ಹೆಚ್ಚಿರುವುದಿಲ್ಲ. ಅದಕ್ಕೇ ಈ ವಸ್ತುಗಳೆಲ್ಲ ಸಣ್ಣ ತುಣುಕುಗಳ ಜೋಡಣೆ. ಹಡಗಿನ ಒಡಲಿಗೆ ಒಳಗೊಂದು ಮರದ ಅಚ್ಚು, ಅದರ ಮೇಲೆ ಮೂಳೆಯ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ಹಿತ್ತಾಳೆಯ ಸಣ್ಣ ಮೊಳೆಗಳಿಂದ ಕೂರಿಸುತ್ತಿದ್ದರು. ನಿಜವಾದ ಹಡಗಿಗೆ ಹಲಗೆ ಹೊಡೆಯುವುದೂ ಹೀಗೆಯೇ.

ಮಾಡಿದವರು ನಾವಿಕರಾದ್ದರಿಂದ ಹಡಗಿನ ಒಂದೊಂದು ಹಗ್ಗವೂ ಎಲ್ಲಿ ಕಟ್ಟಬೇಕೋ ಅಲ್ಲೇ ಇರುತ್ತದೆ. ಅಳತೆ ಮಾತ್ರ ಹಲವು ಸಲ ತಪ್ಪಿರುತ್ತದೆ, ಕಂಬಗಳು ಒಡಲಿಗೆ ಹೋಲಿಸಿದರೆ ಉದ್ದ. ಎದುರಿಗೆ ನಕ್ಷೆ ಇರಲಿಲ್ಲ, ನೆನಪಿನಿಂದಲೇ ಮಾಡಬೇಕಿತ್ತು. ಹಗ್ಗದ ಕೆಲಸ ಬೆರಳು ಮರೆಯುವುದಿಲ್ಲ, ಅಳತೆಯನ್ನು ಕಣ್ಣು ಮರೆಯುತ್ತದೆ. ಕೆಲವು ಹಡಗುಗಳ ಅಡಿಯಿಂದ ಹೊರಬಂದ ದಾರವನ್ನು ಎಳೆದರೆ ಫಿರಂಗಿಗಳೆಲ್ಲ ಒಟ್ಟಿಗೆ ಒಳಸರಿಯುತ್ತವೆ, ಬಿಟ್ಟರೆ ಮುಂದೆ ಬರುತ್ತವೆ. ದೊಡ್ಡ ಹಡಗು ಒಬ್ಬನ ಕೆಲಸವಲ್ಲ. ಮೂಳೆ ಸೀಳುವವನು, ಕೆತ್ತುವವನು, ಹಗ್ಗ ಕಟ್ಟುವವನು ಹೀಗೆ ಕೆಲಸ ಹಂಚಿಕೊಂಡು ಮಾಡುತ್ತಿದ್ದರು. ಕಾಸು ಕೂಡಿಸಿದ ಕೈದಿಗಳು ಇತರ ಕೈದಿಗಳನ್ನು ಕೂಲಿಗಿಟ್ಟುಕೊಂಡದ್ದೂ ಉಂಟು.

ಚಲಿಸುವ ಬೊಂಬೆಗಳಿಗೆ ಗಿರಾಕಿ ಹೆಚ್ಚು. ಹಿಡಿ ತಿರುಗಿಸಿದರೆ ಹೆಂಗಸು ನೂಲುತ್ತಾಳೆ, ತಾಯಿ ಮಗುವನ್ನು ಆಡಿಸುತ್ತಾಳೆ. ಇನ್ನೊಂದು ಬಗೆಯ ಆಟಿಕೆ ಗಿಲೋಟಿನ್. ಬಾಲ್ಕನಿಯಂತೆ ಕೊರೆದ ವೇದಿಕೆ, ಸುತ್ತ ಬಂದೂಕು ಹಿಡಿದ ಸಿಪಾಯಿಗಳು, ಮೇಲಿಂದ ಜಾರುವ ಬ್ಲೇಡು, ಕೆಳಗೆ ತಲೆ ಕಳೆದುಕೊಳ್ಳುವ ಬೊಂಬೆ. ಫ್ರೆಂಚ್ ಕ್ರಾಂತಿಯ ಮಕ್ಕಳಾಗಿದ್ದವರು ಅದೇ ಕ್ರಾಂತಿಯ ಕೊಲೆಯಂತ್ರವನ್ನು ಮೂಳೆಯಲ್ಲಿ ಮಾಡಿ ಮಾರಿದರು. ಅವರ ಮನಸ್ಸಿನಲ್ಲಿ ಏನಿತ್ತೋ ಊಹಿಸಹೋಗುವುದು ಬೇಡ. ಇಂಗ್ಲಿಷ್ ಗಿರಾಕಿಗೆ ಫ್ರಾನ್ಸ್ ಎಂದರೆ ಕಣ್ಣಿಗೆ ಕಟ್ಟುತ್ತಿದ್ದ ಚಿತ್ರ ಅದು, ಅದಕ್ಕೇ ಅದು ಬಿಕರಿಯಾಗುತ್ತಿತ್ತು. ಕೊಳ್ಳುವವನ ಕಣ್ಣನ್ನು ಓದುವುದು ಈ ಕಸುಬಿನ ಮೊದಲ ಪಾಠ.

ಇನ್ನು ಹುಲ್ಲಿನ ಕೆಲಸ. ಗೋಧಿಯ ಕಡ್ಡಿಯನ್ನು ನೆನೆಸಿ, ಸೀಳಿ, ಬಿಚ್ಚಿ ಚಪ್ಪಟೆ ಮಾಡಿದರೆ ರಿಬ್ಬನ್ನಿನಂಥ ಹೊಳೆಯುವ ಪಟ್ಟಿ ಸಿಗುತ್ತದೆ. ಅದಕ್ಕೆ ಬಣ್ಣ ಕೊಟ್ಟು, ಸಣ್ಣದಾಗಿ ಕತ್ತರಿಸಿ, ಮರದ ಪೆಟ್ಟಿಗೆಯ ಮೇಲೆ ಅಂಟಿಸುತ್ತ ಹೂವು, ಮನೆ, ಹಡಗು, ಇಗರ್ಜಿಗಳ ಚಿತ್ರ ಮಾಡುತ್ತಿದ್ದರು. ಹುಲ್ಲಿಗೆ ತನ್ನದೇ ಹೊಳಪಿದೆ. ಎಳೆಯ ದಿಕ್ಕು ಬದಲಾದರೆ ಬೆಳಕು ಬೀಳುವ ರೀತಿಯೂ ಬದಲಾಗಿ ಒಂದೇ ಬಣ್ಣ ಎರಡಾಗಿ ಕಾಣುತ್ತದೆ. ನಾವು ಕನ್ನಡದಲ್ಲಿ ಲೆಕ್ಕಕ್ಕೆ ಬಾರದ್ದನ್ನು ಹುಲ್ಲುಕಡ್ಡಿ ಎನ್ನುತ್ತೇವೆ, ಕಡೆಗಣಿಸುವುದನ್ನು ತೃಣೀಕರಿಸುವುದು ಎನ್ನುತ್ತೇವೆ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ ಎಂದೂ ಹೇಳುತ್ತೇವೆ. ನಾರ್ಮನ್ ಕ್ರಾಸಿನಲ್ಲಿ ಈ ಎರಡೂ ಮಾತು ಒಟ್ಟಿಗೆ ನಿಜವಾಗಿದ್ದವು.

ಮಾಡಿದ್ದನ್ನು ಕೊಡುವ ಜಾಗ ಶಿಬಿರದ ಬಾಗಿಲ ಬಳಿಯ ಸಂತೆ. ಸುತ್ತಲ ರೈತರು ತರಕಾರಿ, ಬೆಣ್ಣೆ, ಮೊಟ್ಟೆ, ಹೊಗೆಸೊಪ್ಪು ತರುತ್ತಿದ್ದರು. ಕೈದಿಗಳ ಕಡೆಯಿಂದ ಡಾಮಿನೋ, ಸೂಜಿಡಬ್ಬಿ, ಪೆಟ್ಟಿಗೆ, ಬೊಂಬೆ. ಕಾವಲಿನವರು ನೋಡುತ್ತ ನಿಲ್ಲುತ್ತಿದ್ದರು. ಹಡಗು, ದೊಡ್ಡ ಪೆಟ್ಟಿಗೆಗಳಂಥವನ್ನು ಕೊಳ್ಳಲು ಸುತ್ತಲ ಸ್ಥಿತಿವಂತರೂ ಬರುತ್ತಿದ್ದರು, ಹೀಗೆ ಬೇಕು ಹಾಗೆ ಬೇಕು ಎಂದು ಹೇಳಿ ಮಾಡಿಸಿಕೊಳ್ಳುತ್ತಿದ್ದರು. ಬಂದ ದುಡ್ಡಿನಿಂದ ಕೈದಿ ರೊಟ್ಟಿಯ ಮೇಲೆ ಬೆಣ್ಣೆ ಕೊಳ್ಳುತ್ತಿದ್ದ, ಮುಂದಿನ ಕೆಲಸಕ್ಕೆ ಬೇಕಾದ ಬಣ್ಣ, ಅಂಟು, ರೇಷ್ಮೆ ಎಳೆ ಕೊಳ್ಳುತ್ತಿದ್ದ. ಬೇಲಿಯೊಳಗೂ ಇನ್ನೊಂದು ಸಂತೆ ನಡೆಯುತ್ತಿತ್ತು. ಅಲ್ಲಿ ರೊಟ್ಟಿಗೆ ಹೊಗೆಸೊಪ್ಪು, ಹೊಗೆಸೊಪ್ಪಿಗೆ ಅಂಗಿ.

ಈ ಸಂತೆಯ ಬಗ್ಗೆ ಓದುವಾಗ ಕಣ್ಣಿಗೆ ಬೀಳುವುದು ಎರಡು ಕಡೆಯವರು ಎದುರುಬದುರು ನಿಂತ ಚಿತ್ರ. ಶಿಬಿರದ ಉಳಿದೆಲ್ಲ ಹೊತ್ತಿನಲ್ಲೂ ಕೈದಿ ಪಡೆಯುವವನು. ಊಟ ಪಡೆಯುತ್ತಾನೆ, ಹಾಸಿಗೆ ಪಡೆಯುತ್ತಾನೆ, ಸಾಗಣೆ ಇಲಾಖೆಯ ಇಂಗ್ಲಿಷ್ ಮೊದಲಕ್ಷರಗಳನ್ನು ಒತ್ತಿದ ಹಳದಿ ಅಂಗಿ ಪಡೆಯುತ್ತಾನೆ. ಓಡಿಹೋದರೆ ದೂರದಿಂದಲೇ ಗುರುತು ಸಿಗಲೆಂದು ಆ ಹಳದಿ. ಸಂತೆಯ ಹೊತ್ತಿನಲ್ಲಿ ಮಾತ್ರ ಅವನ ಬಳಿ ಕೊಡಲು ಏನೋ ಇರುತ್ತಿತ್ತು. ಬೆಲೆ ಹೇಳಬಹುದಿತ್ತು, ಚೌಕಾಸಿ ಮಾಡಬಹುದಿತ್ತು, ಒಲ್ಲೆ ಎನ್ನಬಹುದಿತ್ತು. ಒಂದು ಡಾಮಿನೋ ಡಬ್ಬಿಗೆ ಬದಲಾಗಿ ಬೆಣ್ಣೆಯ ಜೊತೆಗೆ ಅವನಿಗೆ ದಕ್ಕುತ್ತಿದ್ದದ್ದು ಈ ಒಲ್ಲೆ ಎನ್ನುವ ಹಕ್ಕು.

ಆದರೆ ಇದನ್ನು ಬರೀ ಸೊಗಸಿನ ಕಥೆಯಾಗಿ ಹೇಳಿದರೆ ಅರ್ಧ ಸತ್ಯವಾದೀತು. ಸಂತೆಗೆ ಕಟ್ಟಳೆಗಳಿದ್ದವು. ಕೈದಿಗಳು ಏನು ಮಾಡಬಾರದು ಎಂಬ ಪಟ್ಟಿಯೇ ಇತ್ತು: ಉಣ್ಣೆಯ ಕೈಗವಸು ಕೂಡದು, ಬೂಟು ಕೂಡದು, ಹುಲ್ಲಿನ ಟೋಪಿ ಕೂಡದು, ಟೋಪಿಗೆ ಬೇಕಾದ ಹುಲ್ಲಿನ ಜಡೆಯೂ ಕೂಡದು, ಸರಕಾರಿ ಸಾಮಾನಿನಿಂದ ಏನನ್ನೂ ಮಾಡಕೂಡದು, ಅಶ್ಲೀಲ ಆಟಿಕೆ, ಚಿತ್ರಗಳಂತೂ ಕೂಡಲೇ ಕೂಡದು. ಕೊನೆಯದನ್ನು ಬಿಟ್ಟು ಉಳಿದವನ್ನು ನೋಡಿ. ನಿಷೇಧವಾದವುಗಳಲ್ಲಿ ಹೆಚ್ಚಿನವು ನಿತ್ಯಬಳಕೆಗೆ ಬರುವಂಥವು. ಸುತ್ತಲ ಹಳ್ಳಿಗಳ ಬಡವರು ಅವನ್ನೇ ಮಾಡಿ ಬದುಕುತ್ತಿದ್ದರು. ಬಾಡಿಗೆಯಿಲ್ಲದೆ, ತೆರಿಗೆಯಿಲ್ಲದೆ, ಸರಕಾರದ ಅನ್ನ ತಿಂದು ದುಡಿಯುವ ಕೈದಿಯ ಜೊತೆ ಅವರು ಪೈಪೋಟಿ ಮಾಡುವುದು ಹೇಗೆ?

ಹುಲ್ಲಿನ ಜಡೆಯ ಜಗಳ ಎಲ್ಲಕ್ಕಿಂತ ದೊಡ್ಡದು. ಬೆಡ್‌ಫರ್ಡ್‌ಶೈರ್ ಮತ್ತು ಅದರ ನೆರೆಯ ಜಿಲ್ಲೆಗಳಲ್ಲಿ ಗೋಧಿ ಹುಲ್ಲನ್ನು ಜಡೆಯಂತೆ ಹೆಣೆಯುವುದು ಹೆಂಗಸರ, ಮಕ್ಕಳ ಕಸುಬು. ಲೂಟನ್, ಡನ್‌ಸ್ಟಬಲ್ ಊರುಗಳಲ್ಲಿ ಅದನ್ನು ಸುತ್ತಿ ಹೊಲಿದು ಟೋಪಿ ಮಾಡುತ್ತಿದ್ದರು. ಮುಂಚೆ ನಯವಾದ ಜಡೆ ಇಟಲಿಯಿಂದ ಬರುತ್ತಿತ್ತು. ಯುದ್ಧದಿಂದ ಅದು ನಿಂತು ಇಂಗ್ಲಿಷ್ ಜಡೆಗೆ ಬೆಲೆ ಬಂತು. ಹೊಲದ ಕೂಲಿಯಿಂದ ಹೊಟ್ಟೆ ತುಂಬದ ಮನೆಗಳಿಗೆ ಈ ದುಡ್ಡೇ ಆಧಾರ. ಅದೇ ಹೊತ್ತಿಗೆ ಬೇಲಿಯೊಳಗಿನ ಸಾವಿರಾರು ಬಿಡುವಾದ ಕೈಗಳು ಅದೇ ಜಡೆಯನ್ನು ಇನ್ನೂ ನಯವಾಗಿ, ಇನ್ನೂ ಅಗ್ಗವಾಗಿ ಹೆಣೆಯಲು ತೊಡಗಿದವು. ಸರಕಾರ ನಿಷೇಧಿಸಿತು. ನಿಷೇಧದ ಹಿಂದೆ ಕೈದಿಗಳ ಮೇಲಿನ ದ್ವೇಷವನ್ನಷ್ಟೇ ಹುಡುಕಿದರೆ ಆ ಹಳ್ಳಿಯ ಹೆಂಗಸರು ನಮ್ಮ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಅವರ ಹೆಸರೂ ಯಾವ ಟೋಪಿಯ ಮೇಲೂ ಇಲ್ಲ.

ನಿಷೇಧವಾದ ಮೇಲೆ ಕಳ್ಳಸಾಗಣೆ ಶುರುವಾಯಿತು. ಒಂದೇ ಅಳತೆಗೆ ಕತ್ತರಿಸಿದ ಹುಲ್ಲಿನ ಕಟ್ಟುಗಳು ಕಾವಲು ಸಿಪಾಯಿಗಳ ಬಟ್ಟೆಯೊಳಗೆ ಅಡಗಿ ಒಳಗೆ ಹೋಗುತ್ತಿದ್ದವು, ಹೆಣೆದ ಜಡೆ ಅದೇ ಸಿಪಾಯಿಗಳ ಮೈಗೆ ಸುತ್ತಿಕೊಂಡು ಹೊರಗೆ ಬರುತ್ತಿತ್ತು. ಹೊರಗೆ ಕಾದಿರುವ ದಲ್ಲಾಳಿಗಳು ಎಲ್ಲರಿಗೂ ಪಾಲು ಕೊಡುತ್ತಿದ್ದರು. ಸಿಕ್ಕಿಬಿದ್ದ ಸಿಪಾಯಿಗೆ ಚಾಟಿಯೇಟು, ದಲ್ಲಾಳಿಗೆ ಕೋರ್ಟು. ಮುಂದೆ ಲೇಖಕನಾಗಿ ಹೆಸರು ಮಾಡಿದ ಜಾರ್ಜ್ ಬಾರೋ ಆಗ ಏಳೆಂಟು ವರ್ಷದ ಹುಡುಗ, ಅವನ ತಂದೆ ಅಲ್ಲಿನ ಕಾವಲು ಪಡೆಯಲ್ಲಿ ಅಧಿಕಾರಿ. ಸಿಪಾಯಿಗಳು ಕೈದಿಗಳ ಮನೆಗಳಿಗೆ ನುಗ್ಗಿ ಜಡೆ ಹುಡುಕುತ್ತಿದ್ದದ್ದನ್ನೂ, ಸಿಕ್ಕಿದ್ದನ್ನು ಅವರ ಕಣ್ಣೆದುರೇ ಸುಡುತ್ತಿದ್ದದ್ದನ್ನೂ ಅವನು 1851ರಲ್ಲಿ ಪ್ರಕಟವಾದ ‘ಲಾವೆಂಗ್ರೋ’ ಪುಸ್ತಕದಲ್ಲಿ ಕೋಪದಿಂದ ನೆನೆಯುತ್ತಾನೆ. ಅದು ನಲವತ್ತು ವರ್ಷ ಕಳೆದ ಮೇಲಿನ ನೆನಪು, ಬಣ್ಣ ಏರಿರಬಹುದು. ಆದರೂ ಒಬ್ಬ ಹುಡುಗನ ಮನಸ್ಸಿನಲ್ಲಿ ಅಷ್ಟು ಕಾಲ ಉರಿಯುತ್ತ ಉಳಿದದ್ದು ಹುಲ್ಲಿನ ಬೆಂಕಿ ಎಂಬುದು ಗಮನಿಸುವಂಥದ್ದು.

ಈ ಜಗಳದಲ್ಲೂ ಒಂದು ಕೊಡುಕೊಳ್ಳುವಿಕೆ ನಡೆದುಹೋಯಿತು. ಇಡೀ ಕಡ್ಡಿಯನ್ನು ಹೆಣೆದರೆ ಜಡೆ ದಪ್ಪಗಾಗುತ್ತದೆ. ಸಮನಾಗಿ ಸೀಳಿದ ಎಳೆಗಳಿಂದ ಹೆಣೆದರೆ ನಯವಾಗುತ್ತದೆ. ಹಾಗೆ ಸೀಳಲು ಒಂದು ಪುಟ್ಟ ಉಪಕರಣವಿದೆ. ಗಾಲಿಯ ಅರಗಳಂತೆ ಸುತ್ತ ಹರಿತವಾದ ಅಲಗುಗಳಿರುವ ಒಂದು ಮೊನೆ, ಅದಕ್ಕೆ ಕಡ್ಡಿಯ ತೂತನ್ನು ಕೊಟ್ಟು ತಳ್ಳಿದರೆ ಇನ್ನೊಂದು ಬದಿಯಲ್ಲಿ ಸಮನಾದ ಎಳೆಗಳಾಗಿ ಹೊರಬರುತ್ತದೆ. ಇದನ್ನು ಇಂಗ್ಲೆಂಡಿಗೆ ಕೊಟ್ಟವರು ನಾರ್ಮನ್ ಕ್ರಾಸಿನ ಫ್ರೆಂಚ್ ಕೈದಿಗಳು, ಮೊದಲಿಗೆ ಅದನ್ನು ಮೂಳೆಯಲ್ಲೇ ಮಾಡಿದ್ದರು ಎಂದು ಆ ಕಡೆಯ ಕಸುಬುದಾರರು ನಂಬಿಕೊಂಡು ಬಂದಿದ್ದಾರೆ. ಮುಂದೆ ಈ ಸೀಳುಗ ಕಬ್ಬಿಣದಲ್ಲಿ, ಹಿತ್ತಾಳೆಯಲ್ಲಿ ತಯಾರಾಗಿ ಹಳ್ಳಿಹಳ್ಳಿಯ ಹೆಂಗಸರ ಕೈ ಸೇರಿತು.

ಇದೇ ಕಥೆ ಬೇರೆ ಕಡೆಯೂ ನಡೆದಿದೆ. ದಕ್ಷಿಣ ತೀರದ ಪೋರ್ಚೆಸ್ಟರ್ ಕೋಟೆಯಲ್ಲಿದ್ದ ಕೈದಿಗಳು ಲೇಸು ಹೆಣೆಯತೊಡಗಿದಾಗ ಸ್ಥಳೀಯ ವ್ಯಾಪಾರಕ್ಕೆ ಪೆಟ್ಟು ಬಿತ್ತೆಂದು ಅದನ್ನೂ ನಿಲ್ಲಿಸಲಾಯಿತು. ಒಟ್ಟಿನಲ್ಲಿ ಕೈದಿಗೆ ತೆರೆದಿಟ್ಟ ದಾರಿ ಒಂದೇ: ಯಾರಿಗೂ ಅಗತ್ಯವಿಲ್ಲದ್ದನ್ನು ಮಾಡು. ಅಗತ್ಯವಿಲ್ಲದ್ದನ್ನು ಜನ ಕೊಳ್ಳಬೇಕಾದರೆ ಅದು ನೋಡಿದವರು ಬೆರಗಾಗುವಷ್ಟು ಚೆನ್ನಾಗಿರಬೇಕು. ನಾರ್ಮನ್ ಕ್ರಾಸಿನ ಬೊಂಬೆಗಳ ಅತಿಯಾದ ಸೂಕ್ಷ್ಮತೆಯ ಹಿಂದೆ ಕೈದಿಯ ಬಿಡುವು, ಕೌಶಲಗಳ ಜೊತೆಗೆ ಈ ಕಟ್ಟಳೆಯ ಪಾತ್ರವೂ ಇದೆ. ಬೂಟು ಹೊಲಿಯಲು ಬಿಟ್ಟಿದ್ದರೆ ಎಷ್ಟೋ ಜನ ಬೂಟನ್ನೇ ಹೊಲಿಯುತ್ತಿದ್ದರು. ಆಗ ಪೀಟರ್‌ಬರೋದ ಸಂಗ್ರಹಾಲಯದಲ್ಲಿ ನೋಡಲು ಏನೂ ಉಳಿಯುತ್ತಿರಲಿಲ್ಲ.

ಕೊಡಲು ಏನೂ ಇಲ್ಲದವರ ಪಾಡು ಬೇರೆ. ಕಸುಬು ಬಾರದವರು, ಕೈ ಸೋತವರು, ಮನಸ್ಸು ಸೋತವರು ಜೂಜಿಗೆ ಬಿದ್ದರು. ಇವತ್ತಿನ ಊಟ ಹೋಯಿತು, ನಾಳೆಯ ಊಟ ಹೋಯಿತು, ಹೊದಿಕೆ ಹೋಯಿತು, ಕೊನೆಗೆ ಮೈಮೇಲಿನ ಬಟ್ಟೆಯೂ ಹೋಯಿತು. ಅವರು ಜೂಜಾಡುತ್ತಿದ್ದ ದಾಳ, ಬಿಲ್ಲೆಗಳನ್ನೂ ಯಾರೋ ಮೂಳೆಯಲ್ಲಿ ಕೆತ್ತಿಕೊಟ್ಟಿರಲೇಬೇಕು. ಕೈಚಳಕ ಇದ್ದ ಕೆಲವರು ಬ್ಯಾಂಕ್ ಆಫ್ ಇಂಗ್ಲೆಂಡಿನ ಖೋಟಾ ನೋಟು ಬರೆದರು. ಅಂಥ ಇಬ್ಬರಿಗೆ ಮರಣದಂಡನೆ ವಿಧಿಸಿ, ಜಾರಿ ಮಾಡದೆ ವರ್ಷಗಟ್ಟಲೆ ಹಂಟಿಂಗ್‌ಡನ್ ಜೈಲಿನಲ್ಲಿ ಇಟ್ಟಿದ್ದರು. 1800-01ರಲ್ಲಿ ಹಬ್ಬಿದ ಜ್ವರ ಸಾವಿರಕ್ಕೂ ಹೆಚ್ಚು ಜನರನ್ನು ಒಯ್ದಿತು. ಶಿಬಿರ ಇದ್ದಷ್ಟು ಕಾಲದಲ್ಲಿ ಸತ್ತವರ ಸಂಖ್ಯೆ 1,770 ಎಂದು ಲೆಕ್ಕ. ಅವರನ್ನು ಪಕ್ಕದ ಹೊಲದಲ್ಲಿ ಹೂಳಿದರು.

ಹೆಸರು ಉಳಿಸಿಕೊಂಡವರು ಬೆರಳೆಣಿಕೆಯಷ್ಟು. ಲೂಯಿ ಗಾರ್ನೆರೆ ಎಂಬ ನಾವಿಕ 1806ರಲ್ಲಿ ಸೆರೆಸಿಕ್ಕು ಪೋರ್ಟ್ಸ್‌ಮತ್ ಬಂದರಿನ ಮುದಿ ಹಡಗಿನಲ್ಲಿ ಎಂಟು ವರ್ಷ ಕಳೆದ. ಅಲ್ಲಿ ಚಿತ್ರ ಬರೆದು ಮಾರುತ್ತ ಪಳಗಿದ ಅವನು ಫ್ರಾನ್ಸಿಗೆ ಮರಳಿ ಸಮುದ್ರಚಿತ್ರಗಳ ಕಲಾವಿದನಾಗಿ ಪ್ರಸಿದ್ಧನಾದ. ಚಿತ್ರಕ್ಕೆ ಸಹಿ ಹಾಕುವ ರೂಢಿಯಿದೆ. ಸೂಜಿಡಬ್ಬಿಗೆ ಯಾರು ಸಹಿ ಹಾಕುತ್ತಾರೆ?

1814ರಲ್ಲಿ ನೆಪೋಲಿಯನ್ ಪದತ್ಯಾಗ ಮಾಡಿದಾಗ ಬಾಗಿಲು ತೆರೆಯಿತು. ಕೆಲವರು ಕೈತುಂಬ ಕಾಸು ಕಟ್ಟಿಕೊಂಡು, ಹೆಚ್ಚಿನವರು ಬರಿಗೈಯಲ್ಲಿ ಊರಿಗೆ ಹೊರಟರು. 1816ರಲ್ಲಿ ಶಿಬಿರದ ಮನೆಗಳನ್ನು ಹರಾಜು ಹಾಕಿ ಬಿಚ್ಚಿದರು. ಹಲಗೆ, ತೊಲೆಗಳು ಸುತ್ತಲ ಊರುಗಳಲ್ಲಿ ಹಂಚಿಹೋದವು. ಮೂಳೆಯಿಂದ ಹಡಗು ಮಾಡಿದ ಜಾಗ ತಾನೇ ಅಳಿದುಳಿದ ಸಾಮಾನಾಗಿ ಬೇರೆ ಬೇರೆ ಮನೆ, ಕೊಟ್ಟಿಗೆಗಳಾಯಿತು. ಶಿಬಿರವಿದ್ದ ನೆಲದ ಹೆಚ್ಚಿನ ಭಾಗದಲ್ಲಿ ಹುಲ್ಲು ಬೆಳೆಯಿತು.

ಶತಮಾನ ತಿರುಗುವಾಗ ಇದೇ ದೃಶ್ಯ ಮತ್ತೆ ನಡೆಯಿತು, ಈ ಸಲ ಅದರ ಒಂದು ತುದಿ ಕರ್ನಾಟಕದಲ್ಲಿತ್ತು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಸೆರೆಸಿಕ್ಕ ಬೋಯರ್ ರೈತರನ್ನು ಸಮುದ್ರ ದಾಟಿಸಿ ಸೇಂಟ್ ಹೆಲೆನಾ, ಬರ್ಮುಡಾ, ಸಿಲೋನ್ ಮತ್ತು ಭಾರತದ ಶಿಬಿರಗಳಿಗೆ ಕಳಿಸಿದರು. ಭಾರತದ ಆ ಶಿಬಿರಗಳಲ್ಲಿ ಬಳ್ಳಾರಿಯದೂ ಒಂದು. ಬೋಯರ್ ಕೈದಿಗಳೂ ಸಿಕ್ಕಿದ ಮರದ ತುಂಡು, ಮೂಳೆಗಳಿಂದ ಪೈಪು, ಊರುಗೋಲು, ಪೆಟ್ಟಿಗೆ, ಆಟಿಕೆಗಳನ್ನು ಕೆತ್ತಿ ಮಾರಿದರು. ಅವು ಇಂದು ಹಲವು ದೇಶಗಳ ಸಂಗ್ರಹಗಳಲ್ಲಿವೆ. ನೆಪೋಲಿಯನ್ ಸೆರೆಯಲ್ಲಿ ಸತ್ತ ದ್ವೀಪವೂ ಸೇಂಟ್ ಹೆಲೆನಾವೇ. ನಾರ್ಮನ್ ಕ್ರಾಸಿನ ಕೈದಿಗಳನ್ನು ಯುದ್ಧಕ್ಕೆ ಕಳಿಸಿದ್ದ ಚಕ್ರವರ್ತಿ ಕೊನೆಯ ದಿನಗಳನ್ನು ಎಣಿಸಿದ ನೆಲದಲ್ಲೇ, ಎಂಬತ್ತು ವರ್ಷಗಳ ಮೇಲೆ, ಇನ್ಯಾವುದೋ ಯುದ್ಧದ ಕೈದಿಗಳು ಪೆಟ್ಟಿಗೆ ಕೆತ್ತುತ್ತ ಕುಳಿತಿದ್ದರು.

ನಾರ್ಮನ್ ಕ್ರಾಸಿನಲ್ಲಿ ಸತ್ತವರಿಗೊಂದು ಸ್ಮಾರಕ ಎದ್ದದ್ದು ಬಹಳ ತಡವಾಗಿ. ಕಂಬದ ಮೇಲೆ ಕಂಚಿನ ಹದ್ದು ಕೂತಿದ್ದ ಆ ಸ್ಮಾರಕವನ್ನು ಅನಾವರಣ ಮಾಡಿದ್ದು 1914ರ ಜುಲೈ 28ರಂದು. ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿ ಮೊದಲ ಮಹಾಯುದ್ಧ ಶುರುವಾದದ್ದೂ ಅದೇ ದಿನ. 1990ರಲ್ಲಿ ಯಾರೋ ಹದ್ದನ್ನು ಕದ್ದರು. 2005ರಲ್ಲಿ ಹೊಸ ಹದ್ದನ್ನು ಅನಾವರಣ ಮಾಡಿದವರು ವೆಲಿಂಗ್ಟನ್ ಡ್ಯೂಕ್ ಪದವಿಯಲ್ಲಿದ್ದವರು. ಆ ಪದವಿಯ ಮೊದಲಿಗ ಆರ್ಥರ್ ವೆಲ್ಲೆಸ್ಲಿ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು ಆಮೇಲೆ ಅದರ ಆಡಳಿತ ನೋಡಿಕೊಂಡ ಕರ್ನಲ್, 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು.

ಸ್ಮಾರಕ ಸತ್ತವರದು. ಬದುಕಿದವರು ಹೇಗೆ ಬದುಕಿದರು ಎಂದು ತಿಳಿಯಬೇಕಾದರೆ ಮತ್ತೆ ಆ ಮೂಳೆ, ಹುಲ್ಲುಗಳ ಬಳಿಗೇ ಹೋಗಬೇಕು. ಅವು ಇನ್ನೂರು ವರ್ಷ ಉಳಿದದ್ದಾದರೂ ಹೇಗೆ? ಕೈದಿ ತನಗಾಗಿ ಮಾಡಿ ತನ್ನ ಬಳಿಯೇ ಇಟ್ಟುಕೊಂಡದ್ದು ಅವನ ಜೊತೆ ಹೋಯಿತು, ಕಳೆದುಹೋಯಿತು, ಮಣ್ಣಾಯಿತು. ಉಳಿದದ್ದು ಬಹುಮಟ್ಟಿಗೆ ಬೇಲಿ ದಾಟಿದ್ದು. ಬೆಣ್ಣೆಗೋ ಹೊಗೆಸೊಪ್ಪಿಗೋ ನಾಲ್ಕು ಕಾಸಿಗೋ ಬದಲಾಗಿ ಶತ್ರುವಿನ ಮನೆ ಸೇರಿ, ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಕೂತು, ಅಜ್ಜಿಯಿಂದ ಮೊಮ್ಮಗಳಿಗೆ ಬಂದು, ಕೊನೆಗೆ ಸಂಗ್ರಹಾಲಯಕ್ಕೆ ತಲುಪಿದ್ದು. ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಟ್ಟು, ಧೂಳು ಒರೆಸಿ, ಮುರಿದ ಹಾಯಿಗಂಬವನ್ನು ಅಂಟಿಸಿ ಅವನ್ನು ಕಾಪಾಡಿದವರು ಇಂಗ್ಲಿಷ್ ಮನೆಗಳ ಹೆಂಗಸರೇ ಇರಬೇಕು. ಅವರಲ್ಲಿ ಹುಲ್ಲಿನ ಟೋಪಿ ತೊಟ್ಟವರೂ ಇದ್ದಾರು.